ಬಾತುಕೋಳಿ ಕುಂಟುತ್ತಿದೆ, ಮಂಕಾಗಿದೆ, ನೆನೆಯುತ್ತಿದೆ: ದೋಷ ಹುಡುಕುವ ಕ್ರಮ

ಬಾತುಕೋಳಿ ತನ್ನ ಬೇನೆಯನ್ನು ಬಚ್ಚಿಡುವ ಹಕ್ಕಿ. ಬೇಟೆಗೆ ತುತ್ತಾಗುವ ಜೀವಿ ಸೋತಂತೆ ಕಂಡರೆ ದಾಳಿ ಮೊದಲು ಅದರ ಮೇಲೆಯೇ ಆಗುತ್ತದೆ. ಆದ್ದರಿಂದ ಮೈಯಲ್ಲಿ ಶಕ್ತಿ ಇರುವವರೆಗೂ ಅದು ಗುಂಪಿನ ಹಿಂದೆ ನಡೆಯುತ್ತದೆ, ಎಲ್ಲವೂ ಬಟ್ಟಲಿಗೆ ಕೊಕ್ಕು ಹಾಕಿದಾಗ ತಾನೂ ಹಾಕುತ್ತದೆ. ‘ಏನೋ ಸರಿಯಿಲ್ಲ’ ಎಂದು ನಮಗೆ ಅನಿಸುವ ಹೊತ್ತಿಗೆ ತೊಂದರೆ ಶುರುವಾಗಿ ಒಂದೆರಡು ದಿನ ಕಳೆದಿರುವುದೇ ಹೆಚ್ಚು. ಆಗ ಗಾಬರಿಯಲ್ಲಿ ಯಾವುದೋ ಔಷಧದ ಬಾಟಲಿಗೆ ಕೈ ಹಾಕುವವರು ಬಹಳ ಮಂದಿ.

ನನ್ನ ಮಾತು ಇಷ್ಟೇ: ಹಕ್ಕಿಗೆ ಔಷಧ ಹುಡುಕುವ ಮೊದಲು ಅದರ ನೀರನ್ನು ನೋಡಿ, ಆಮೇಲೆ ಆಹಾರವನ್ನು, ಆಮೇಲೆ ಅದು ನಿಂತಿರುವ ನೆಲವನ್ನು. ಮನೆಯಲ್ಲಿ ಸಾಕಿದ ಬಾತುಕೋಳಿಗಳ ದಿನನಿತ್ಯದ ತೊಂದರೆಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದರಿಂದ ಹುಟ್ಟುತ್ತವೆ. ಮೂಲವನ್ನು ಹಾಗೆಯೇ ಬಿಟ್ಟು ಲಕ್ಷಣಕ್ಕೆ ಮಾತ್ರ ಮದ್ದು ಮಾಡಿದರೆ ಅದೇ ತೊಂದರೆ ಮುಂದಿನ ವಾರ ಪಕ್ಕದ ಹಕ್ಕಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಕಾಯಬಾರದ ಲಕ್ಷಣಗಳು

ಕೆಲವು ಲಕ್ಷಣಗಳಿಗೆ ಮೇಲಿನ ಕ್ರಮ ಅನ್ವಯಿಸುವುದಿಲ್ಲ. ಬಾಯಿ ತೆರೆದು ಕತ್ತು ಚಾಚಿ ಉಸಿರಾಡುವುದು, ನಿಲ್ಲದ ರಕ್ತ, ಕುತ್ತಿಗೆ ಎತ್ತಲಾಗದೆ ತಲೆ ನೆಲಕ್ಕೆ ಬೀಳುವುದು, ಸೆಳೆತ, ಹಿಂದುಗಡೆಯಿಂದ ಕೆಂಪು ಮಾಂಸ ಹೊರಬಂದಿರುವುದು, ಮೊಟ್ಟೆಗಾಗಿ ತಿಣುಕುತ್ತಾ ಗಂಟೆಗಟ್ಟಲೆ ಕೂತಿರುವುದು, ನಾಯಿ ಅಥವಾ ಬೆಕ್ಕು ಕಚ್ಚಿದ ಗಾಯ. ಇವುಗಳಲ್ಲಿ ಯಾವುದು ಕಂಡರೂ ಹಕ್ಕಿಯನ್ನು ಗಾಳಿಯಾಡುವ ಪೆಟ್ಟಿಗೆಯಲ್ಲಿ ಬೆಚ್ಚಗೆ ಇರಿಸಿ ಪಶುವೈದ್ಯರ ಬಳಿಗೆ ಹೊರಡಿ. ಬೆಕ್ಕಿನ ಹಲ್ಲಿನ ಗಾಯ ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಸೋಂಕು ಬೇಗ ಹರಡುತ್ತದೆ. ‘ಚಿಕ್ಕ ಗಾಯ, ನಾಳೆ ನೋಡೋಣ’ ಎಂದು ಬಿಟ್ಟರೆ ಹಕ್ಕಿ ಕೈತಪ್ಪಿ ಹೋಗಬಹುದು.

ರೋಗದಂತೆ ಕಂಡರೂ ರೋಗವಲ್ಲದವು

ಹೊಸಬರನ್ನು ಹೆದರಿಸುವ ಕೆಲವು ಸಂಗತಿಗಳನ್ನು ಮೊದಲೇ ಬದಿಗಿಡೋಣ. ಚಿಕ್ಕ ಮರಿಗಳು ಓಡಾಡುತ್ತಿರುವಾಗಲೇ ದಿಢೀರನೆ ಕಾಲು ಹಿಂದಕ್ಕೆ ಚಾಚಿ, ಕುತ್ತಿಗೆ ನೆಲಕ್ಕೆ ಹಾಕಿ ಬಿದ್ದುಕೊಂಡು ನಿದ್ದೆ ಹೋಗುತ್ತವೆ. ನೋಡಿದವರಿಗೆ ಸತ್ತಂತೆಯೇ ಕಾಣುತ್ತದೆ. ಮೆಲ್ಲಗೆ ಮುಟ್ಟಿದರೆ ಎದ್ದು ಓಡಿದರಾಯಿತು.

ಸುಮಾರು ಐದರಿಂದ ಎಂಟು ವಾರದ ನಡುವೆ ಮರಿಗಳ ದನಿ ಒಡೆಯುತ್ತದೆ. ಹೆಣ್ಣು ಜೋರಾಗಿ ‘ಕ್ವಾಕ್’ ಎನ್ನಲು ಶುರುಮಾಡುತ್ತದೆ, ಗಂಡಿನ ಗಂಟಲಿನಿಂದ ಗೊಗ್ಗರು ಪಿಸುದನಿ ಮಾತ್ರ ಬರುತ್ತದೆ. ಈ ಗೊಗ್ಗರನ್ನು ಶೀತವೆಂದು ಭಾವಿಸಿ ಔಷಧ ಕುಡಿಸುವುದುಂಟು. ಮೂಗು, ಕಣ್ಣು ಒಣಗಿದ್ದು, ತಿಂದುಂಡು ಓಡಾಡುತ್ತಿದ್ದರೆ ಅದು ಬರೀ ಗಂಡು ದನಿ. ದೊಡ್ಡ ಹಕ್ಕಿಗಳು ವರ್ಷಕ್ಕೊಮ್ಮೆಯಾದರೂ ಗರಿ ಉದುರಿಸುತ್ತವೆ. ರೆಕ್ಕೆಯ ದೊಡ್ಡ ಗರಿಗಳೆಲ್ಲ ಒಟ್ಟಿಗೆ ಬಿದ್ದು ಹಕ್ಕಿ ಬೋಳುಬೋಳಾಗಿ, ಮಂಕಾಗಿ, ಮೊಟ್ಟೆ ನಿಲ್ಲಿಸಿ ಕೂರುತ್ತದೆ. ಆಗ ಬೇಕಾದದ್ದು ಒಳ್ಳೆಯ ಪ್ರೋಟೀನು ಮತ್ತು ನೆಮ್ಮದಿ. ಹೆಣ್ಣಿನ ಹಿಂಗತ್ತಿನಲ್ಲಿ ಮಾತ್ರ ಗರಿ ಹೋಗಿ ಚರ್ಮ ಕಾಣುತ್ತಿದ್ದರೆ ಕಾರಣ ಬೇರೆ. ಗಂಡುಗಳು ಹೆಚ್ಚಾಗಿವೆ, ಕೂಡುವಾಗ ಅಲ್ಲೇ ಕಚ್ಚಿ ಹಿಡಿಯುತ್ತವೆ. ಒಂದು ಗಂಡಿಗೆ ನಾಲ್ಕೈದು ಹೆಣ್ಣಾದರೂ ಇರಬೇಕು, ಇಲ್ಲದಿದ್ದರೆ ಗಂಡನ್ನು ಬೇರೆ ಇಡಬೇಕು.

ನೀರಾದ ಹಿಕ್ಕೆಯೂ ಬಾತುಕೋಳಿಗೆ ಸಹಜ. ದಿನಕ್ಕೆ ಕೆಲವು ಸಲ ಬರುವ ಕಂದು ಬಣ್ಣದ, ಗಬ್ಬು ನಾತದ ಅಂಟು ಹಿಕ್ಕೆಯೂ ಸಹಜವೇ. ರಕ್ತ ಕಂಡರೆ ಅಥವಾ ಹಕ್ಕಿ ತಿನ್ನದೆ ಕಡು ಹಸಿರು ಹಿಕ್ಕೆ ಹಾಕುತ್ತಿದ್ದರೆ ಮಾತ್ರ ಸಹಜವಲ್ಲ.

ಕೈಯಲ್ಲಿ ಹಿಡಿದು ನೋಡುವ ಬಗೆ

ಬಾತುಕೋಳಿಯನ್ನು ಕಾಲು ಅಥವಾ ಒಂದೇ ರೆಕ್ಕೆ ಹಿಡಿದು ಎತ್ತಬಾರದು. ಅದರ ಕಾಲುಗಳು ದೇಹದ ತೂಕಕ್ಕೆ ಹೋಲಿಸಿದರೆ ಬಲಹೀನ, ಜಗ್ಗಿದರೆ ಕೀಲು ತಪ್ಪುತ್ತದೆ. ಎರಡೂ ರೆಕ್ಕೆಗಳು ಮೈಗೆ ಒತ್ತಿರುವಂತೆ ತೋಳಿನಲ್ಲಿ ತಬ್ಬಿ, ಇನ್ನೊಂದು ಕೈಯಿಂದ ಹೊಟ್ಟೆಗೆ ಆಧಾರ ಕೊಡಿ. ಹೆದರಿದ ಹಕ್ಕಿಯ ತಲೆಯ ಮೇಲೆ ತೆಳು ಬಟ್ಟೆ ಹಾಕಿದರೆ ಅದು ಶಾಂತವಾಗುತ್ತದೆ.

ಮೊದಲು ಎದೆಮೂಳೆ ಮುಟ್ಟಿ. ಎರಡೂ ಕಡೆ ಮಾಂಸ ತುಂಬಿರಬೇಕು. ಮೂಳೆ ಕತ್ತಿಯ ಅಂಚಿನಂತೆ ಕೈಗೆ ಸಿಕ್ಕರೆ ಹಕ್ಕಿ ಬಹಳ ದಿನಗಳಿಂದ ಸೊರಗುತ್ತಿದೆ ಎಂದರ್ಥ. ಗರಿಗಳ ದಪ್ಪದಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಕಣ್ಣು, ಮೂಗಿನ ಹೊಳ್ಳೆ, ಬಾಯೊಳಗೆ, ಎರಡು ರೆಕ್ಕೆಗಳು, ಹೊಟ್ಟೆ, ಹಿಂದುಗಡೆ, ಕೊನೆಗೆ ಎರಡೂ ಪಾದಗಳ ಅಡಿ. ಎಡಗಾಲನ್ನು ಬಲಗಾಲಿನ ಜೊತೆ ಹೋಲಿಸಿ: ಊತ, ಬಿಸಿ, ವಕ್ರತೆ. ಕೀಲು ಎಷ್ಟು ದಪ್ಪವಿರಬೇಕು ಎಂದು ಅಂಕಿ ಹುಡುಕುವ ಅಗತ್ಯವಿಲ್ಲ, ಅದೇ ಹಕ್ಕಿಯ ಇನ್ನೊಂದು ಕಾಲೇ ಅಳತೆಗೋಲು. ಎರಡೂ ಕಾಲು ಒಂದೇ ರೀತಿ ಕೆಟ್ಟಿದ್ದರೆ ಆಹಾರವನ್ನು ಅನುಮಾನಿಸಿ, ಒಂದೇ ಕಾಲು ಕೆಟ್ಟಿದ್ದರೆ ಪೆಟ್ಟು ಅಥವಾ ಸೋಂಕನ್ನು.

ಹಕ್ಕಿಯನ್ನು ಬಿಟ್ಟ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಆರೋಗ್ಯವಾಗಿ ಕಾಣುವ ಬಾತುಕೋಳಿಯೂ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಹೊತ್ತಿರಬಹುದು. ಮಕ್ಕಳು ಮರಿಗಳಿಗೆ ಮುತ್ತು ಕೊಡದಂತೆ ನೋಡಿಕೊಳ್ಳುವುದು ಕಟ್ಟುನಿಟ್ಟಾಗಿರಲಿ.

ಮರಿಗೆ ನಿಲ್ಲಲಾಗುತ್ತಿಲ್ಲ

ಇದೇ ಅತಿ ಹೆಚ್ಚು ಜನ ಕೇಳುವ ತೊಂದರೆ. ಇಲ್ಲಿ ಮರಿಯ ವಯಸ್ಸೇ ಅರ್ಧ ಉತ್ತರ ಹೇಳುತ್ತದೆ.

ಮೊಟ್ಟೆಯೊಡೆದು ಒಂದೆರಡು ದಿನದ ಮರಿ ಎರಡೂ ಕಾಲನ್ನು ಪಕ್ಕಕ್ಕೆ ಚಾಚಿ ಹೊಟ್ಟೆಯ ಮೇಲೆ ತೆವಳುತ್ತಿದ್ದರೆ ನೆಲ ನೋಡಿ. ದಿನಪತ್ರಿಕೆ, ನುಣುಪಾದ ಪ್ಲಾಸ್ಟಿಕ್ ಅಥವಾ ಹೆಂಚಿನ ಮೇಲೆ ಎಳೆಯ ಕಾಲಿಗೆ ಹಿಡಿತ ಸಿಗುವುದಿಲ್ಲ, ಜಾರಿ ಜಾರಿ ಕಾಲು ಅಗಲವಾಗುತ್ತದೆ. ಅದನ್ನು ಕೂಡಲೇ ತೆಗೆದು ಒರಟು ಟವೆಲ್ ಅಥವಾ ರಬ್ಬರ್ ಹಾಸು ಹಾಕಿ. ಮೆತ್ತನೆಯ ಬ್ಯಾಂಡೇಜ್ ಪಟ್ಟಿಯಿಂದ ಎರಡೂ ಕಾಲುಗಳನ್ನು ಸಹಜ ಅಂತರದಲ್ಲಿ ಸಡಿಲವಾಗಿ ಸೇರಿಸಿ ಕಟ್ಟಿದರೆ, ಎಳೆಯ ಮೂಳೆಗಳಾದ್ದರಿಂದ ಕೆಲವೇ ದಿನಗಳಲ್ಲಿ ನೇರವಾಗುತ್ತವೆ. ಪಾದ ತಣ್ಣಗಾದರೆ ಅಥವಾ ಊದಿದರೆ ಕಟ್ಟು ಬಿಗಿಯಾಗಿದೆ. ಇದನ್ನು ಮೊದಲ ದಿನಗಳಲ್ಲೇ ಮಾಡಬೇಕು. ವಾರ ಕಳೆದ ಮೇಲೆ ಫಲ ಕಡಿಮೆ.

ಹುಟ್ಟಿದಾಗ ಚೆನ್ನಾಗಿ ಓಡಾಡುತ್ತಿದ್ದ ಮರಿ ವಾರ, ಎರಡು ವಾರ ಕಳೆದ ಮೇಲೆ ನಿಧಾನವಾಗುತ್ತದೆ. ಗಮನಿಸಿ ನೋಡಿ: ಬಟ್ಟಲಿನತ್ತ ನಾಲ್ಕು ಹೆಜ್ಜೆ ಇಟ್ಟು ಕುಕ್ಕರಿಸುತ್ತದೆ, ರೆಕ್ಕೆಯ ಮೋಟನ್ನು ನೆಲಕ್ಕೆ ಊರಿ ಏಳಲು ನೋಡುತ್ತದೆ, ಎದ್ದಾಗ ಕಾಲುಗಳು ಬಿಲ್ಲಿನಂತೆ ಹೊರಕ್ಕೆ ಬಾಗಿರುತ್ತವೆ, ಹಿಂದಕ್ಕೆ ಮಡಚುವ ನಡುಕಾಲಿನ ಕೀಲು ದಪ್ಪಗಾಗಿರುತ್ತದೆ. ಉಳಿದ ಮರಿಗಳು ತಿಂದು ಮುಗಿಸಿದ ಮೇಲೆ ಇದು ತಲುಪುತ್ತದೆ. ಇದು ಬಹುತೇಕ ನಯಾಸಿನ್, ಅಂದರೆ ಬಿ3 ಜೀವಸತ್ವದ ಕೊರತೆ.

ಇದರ ಬೇರು ಆಹಾರದ ಚೀಲದಲ್ಲಿದೆ. ಕೋಳಿ ಮರಿಗೆ ಒಂದು ಕಿಲೋ ಆಹಾರದಲ್ಲಿ 27ರಿಂದ 35 ಮಿಲಿಗ್ರಾಂ ನಯಾಸಿನ್ ಸಾಕಾಗುತ್ತದೆ. ಬಾತು ಮರಿಗೆ ಸುಮಾರು 55 ಮಿಲಿಗ್ರಾಂ ಬೇಕು. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ದೇಹದಲ್ಲಿ ನಯಾಸಿನ್ ತಯಾರಾಗುವುದುಂಟು, ಆದರೆ ಈ ಕೆಲಸದಲ್ಲಿ ಬಾತುಕೋಳಿ ಕೋಳಿಗಿಂತ ಬಹಳ ಹಿಂದು. ಜೊತೆಗೆ ಮೆಕ್ಕೆಜೋಳದಲ್ಲಿರುವ ನಯಾಸಿನ್ನಿನ ಹೆಚ್ಚಿನ ಪಾಲು ಹಕ್ಕಿಗೆ ದಕ್ಕದ ರೂಪದಲ್ಲಿರುತ್ತದೆ. ಹಾಗಾಗಿ ಕೋಳಿ ಮರಿಯ ಆಹಾರವನ್ನೇ ಹಾಕಿ ಬೆಳೆಸಿದ ಬಾತು ಮರಿ, ಹೊಟ್ಟೆ ತುಂಬಾ ತಿಂದರೂ ಕಾಲು ಕಳೆದುಕೊಳ್ಳುತ್ತದೆ. ಬಾತುಕೋಳಿಗೆಂದೇ ತಯಾರಿಸಿದ ಆಹಾರ ಸಿಗದಿದ್ದರೆ ಕೋಳಿ ಮರಿಯ ಆಹಾರ ಕೊಡುವುದರಲ್ಲಿ ತಪ್ಪಿಲ್ಲ, ಮೇಲೆ ನಯಾಸಿನ್ ಸೇರಿಸದೆ ಕೊಡುವುದೇ ತಪ್ಪು.

ಸುಲಭದ ದಾರಿ ಬ್ರೂವರ್ಸ್ ಯೀಸ್ಟ್, ಅಂದರೆ ಬಿಯರ್ ತಯಾರಿಕೆಯ ಯೀಸ್ಟಿನ ಪುಡಿ. ಒಂದು ಲೋಟ ಆಹಾರಕ್ಕೆ ಸುಮಾರು ಒಂದು ದೊಡ್ಡ ಚಮಚ ಬೆರೆಸಿ, ತುಸು ನೀರು ಚಿಮುಕಿಸಿ ಕಲಸಿ, ಇಲ್ಲದಿದ್ದರೆ ಪುಡಿ ತಳದಲ್ಲೇ ಉಳಿಯುತ್ತದೆ. ರೊಟ್ಟಿ ಹಿಟ್ಟು ಉಬ್ಬಿಸುವ ಯೀಸ್ಟ್ ಇದಕ್ಕೆ ಆಗದು. ಕಾಲು ಆಗಲೇ ಬಾಗಿರುವ ಮರಿಗೆ ಯೀಸ್ಟ್ ಮಾತ್ರ ಸಾಲದೆ ಹೋಗಬಹುದು. ನಯಾಸಿನ್ ಮಾತ್ರೆಯನ್ನು ಪುಡಿಮಾಡಿ ಕುಡಿಯುವ ನೀರಿಗೆ ಹಾಕುವುದುಂಟು. ಒಂದು ಲೀಟರಿಗೆ 30ರಿಂದ 40 ಮಿಲಿಗ್ರಾಂ ಎಂಬುದು ಮುನ್ನೆಚ್ಚರಿಕೆಯ ಪ್ರಮಾಣ. ಕಾಯಿಲೆ ಬಿದ್ದ ಮರಿಗೆ ಎಷ್ಟು ಹೆಚ್ಚಿಸಬೇಕೆಂಬುದನ್ನು ಪಶುವೈದ್ಯರು ಮರಿಯ ತೂಕ ನೋಡಿ ಹೇಳಲಿ. ನಿಧಾನವಾಗಿ ಕರಗುವ ಬಗೆಯ ಮಾತ್ರೆ ಬೇಡ. ನೀರನ್ನು ದಿನವೂ ಹೊಸದಾಗಿ ತಯಾರಿಸಿ.

ಕೊರತೆಯೇ ಕಾರಣವಾಗಿದ್ದರೆ ಕೆಲವೇ ದಿನಗಳಲ್ಲಿ ನಡಿಗೆ ಗಟ್ಟಿಯಾಗುತ್ತದೆ. ಆಗದಿದ್ದರೆ ಕೀಲನ್ನು ಮತ್ತೆ ನೋಡಿ. ಹಿಂಬದಿಯ ದಪ್ಪ ಸ್ನಾಯುರಜ್ಜು ಕೀಲಿನ ತೋಡಿನಿಂದ ಪಕ್ಕಕ್ಕೆ ಜಾರಿದ್ದರೆ ಕಾಲು ಅಸಹಜ ಕೋನದಲ್ಲಿ ತಿರುಗಿ ನಿಂತಿರುತ್ತದೆ. ಮ್ಯಾಂಗನೀಸ್, ಕೋಲಿನ್ ಕೊರತೆಯಲ್ಲೂ ಹೀಗಾಗುತ್ತದೆ. ಅದನ್ನು ಜಾಗಕ್ಕೆ ಕೂರಿಸುವುದು ವೈದ್ಯರ ಕೆಲಸ, ಮೊದಲ ದಿನವೇ ಆದರೆ ಆಸೆ ಇದೆ. ಬೆರಳುಗಳು ಮಾತ್ರ ಒಳಕ್ಕೆ ಮುದುಡಿದ್ದರೆ ಬಿ2 ಕೊರತೆಯನ್ನು ಅನುಮಾನಿಸಿ.

ಚೇತರಿಸಿಕೊಳ್ಳುವ ಮರಿಗೆ ದಿನಕ್ಕೆರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಕೆಲ ನಿಮಿಷ ಈಜುವ ಅವಕಾಶ ಕೊಡಿ. ಮೈಯ ಭಾರ ನೀರಿನ ಮೇಲೆ ಬಿದ್ದು ಕಾಲಿಗೆ ನೋವಿಲ್ಲದ ವ್ಯಾಯಾಮವಾಗುತ್ತದೆ. ಕಣ್ಣೆದುರೇ ಇರಲಿ, ಆಮೇಲೆ ಒರೆಸಿ ಬೆಚ್ಚಗಿರಿಸಿ.

ಮರಿ ಎಡೆಬಿಡದೆ ಚೀರುತ್ತಿದೆ

ಮರಿಗಳು ದೀಪದ ಅಡಿಯಲ್ಲಿ ಒಂದರ ಮೇಲೊಂದು ಬಿದ್ದಿವೆಯೋ, ಮೂಲೆಗೆ ಚದುರಿ ಬಾಯಿ ತೆರೆದು ಏದುತ್ತಿವೆಯೋ ನೋಡಿ. ಮೊದಲನೆಯದು ಚಳಿ, ಎರಡನೆಯದು ಸೆಕೆ. ಮೊದಲ ದಿನಗಳಲ್ಲಿ ಬೆಚ್ಚಗಿನ ಮೂಲೆಯಲ್ಲಿ 30ರಿಂದ 32 ಡಿಗ್ರಿ ಸೆಲ್ಸಿಯಸ್ ಸಾಕು. ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸುತ್ತಾ 21ರ ಹತ್ತಿರ ಬಂದರೆ ಕಾವು ಬೇಡ. ಇಡೀ ಪೆಟ್ಟಿಗೆಯನ್ನು ಒಂದೇ ಬಿಸಿಯಲ್ಲಿ ಇಡಬೇಡಿ. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿದ್ದರೆ ಮರಿಯೇ ತನಗೆ ಬೇಕಾದ ಜಾಗ ಆರಿಸಿಕೊಳ್ಳುತ್ತದೆ. ಥರ್ಮಾಮೀಟರಿಗಿಂತ ಮರಿಗಳು ಮಲಗುವ ರೀತಿಯನ್ನೇ ನಾನು ಹೆಚ್ಚು ನಂಬುತ್ತೇನೆ.

ಕಾವು ಸರಿಯಿದೆ, ಹೊಟ್ಟೆಯೂ ತುಂಬಿದೆ, ಆದರೂ ಚೀರುತ್ತಿದೆ, ನೀವು ಬಂದರೆ ನಿಲ್ಲಿಸುತ್ತದೆ ಎಂದಾದರೆ ಅದು ಒಂಟಿತನ. ಒಂದೇ ಮರಿಯನ್ನು ಸಾಕಲು ಹೊರಡುವುದನ್ನು ನಾನು ಎಂದಿಗೂ ಒಪ್ಪುವುದಿಲ್ಲ. ಕನ್ನಡಿ, ಗೊಂಬೆಗಳಿಂದ ತಾತ್ಕಾಲಿಕ ಸಮಾಧಾನವಾದೀತು, ಇನ್ನೊಂದು ಬಾತು ಮರಿಯಿಂದ ಮಾತ್ರ ನಿಜವಾದ ನೆಮ್ಮದಿ.

ಚೀರುತ್ತಲೇ ಕತ್ತು ಕೊಡವುತ್ತಾ, ಬಾಯಿ ತೆರೆಯುತ್ತಾ ಇದ್ದರೆ ನುಣ್ಣನೆಯ ಒಣ ಆಹಾರ ಗಂಟಲಿಗೆ ಅಂಟಿದೆ. ಬಾತುಕೋಳಿ ಪ್ರತಿ ತುತ್ತಿಗೂ ನೀರು ಬೇಡುವ ಹಕ್ಕಿ. ಆಹಾರ ಇರುವಲ್ಲೆಲ್ಲ ನೀರು ಇರಲೇಬೇಕು. ರಾತ್ರಿ ನೀರು ತೆಗೆದಿಟ್ಟರೆ ಆಹಾರವನ್ನೂ ತೆಗೆಯಿರಿ.

ಕಣ್ಣು ಅಂಟಿದೆ, ನೊರೆ ಬರುತ್ತಿದೆ

ನೀರಿನ ಪಾತ್ರೆಯನ್ನು ನೋಡಿ. ಅದು ಕೊಕ್ಕಿನ ತುದಿ ಮಾತ್ರ ಮುಳುಗುವಷ್ಟು ಆಳವಿದ್ದರೆ ಉತ್ತರ ಸಿಕ್ಕಿತು. ಬಾತುಕೋಳಿ ಮೂಗಿನ ಹೊಳ್ಳೆಗಳನ್ನು ನೀರಿನಲ್ಲಿ ಅದ್ದಿ ಊದಿ, ತಲೆ ಮುಳುಗಿಸಿ ಕಣ್ಣು ತೊಳೆದುಕೊಳ್ಳಬೇಕು. ಕೋಳಿಗೆ ಬಳಸುವ ತೊಟ್ಟಿಕ್ಕುವ ನಳಿಕೆಯಿಂದ ಬಾಯಾರಿಕೆ ತೀರುತ್ತದೆಯೇ ಹೊರತು ಮುಖ ಶುಚಿಯಾಗುವುದಿಲ್ಲ. ದೊಡ್ಡ ಹಕ್ಕಿಗೆ ಇಡೀ ತಲೆ ಮುಳುಗುವ ಪಾತ್ರೆ ಇಡಿ. ಮರಿಗಾದರೆ ಹೊಳ್ಳೆ ಮುಳುಗುವಷ್ಟು ಆಳ, ಒಳಗೆ ಬೀಳದಷ್ಟು ಕಿರಿದಾದ ಬಾಯಿ. ಕಣ್ಣನ್ನು ವೈದ್ಯಕೀಯ ಲವಣಜಲದಿಂದ ದಿನಕ್ಕೆ ಎರಡು ಮೂರು ಸಲ ತೊಳೆಯಿರಿ.

ಎರಡು ದಿನದಲ್ಲಿ ಗುಣ ಕಾಣದಿದ್ದರೆ, ಕಣ್ಣಿನ ಕೆಳಗೆ ಊತ ಬಂದರೆ ಅಥವಾ ಉಸಿರಿನಲ್ಲಿ ಗೊರಗೊರ ಸದ್ದು ಕೇಳಿದರೆ ಅದು ಸೋಂಕು, ವೈದ್ಯರ ಔಷಧ ಬೇಕು. ಸದ್ದಿಲ್ಲದೆ ಬಾಯಿ ತೆರೆದು ಏದುವ ಹಕ್ಕಿಯ ವಿಷಯದಲ್ಲಿ ಹಾಸನ್ನು ಮೂಸಿ ನೋಡಿ. ಒದ್ದೆಯಾದ ಒಣಹುಲ್ಲಿನಲ್ಲಿ ಬೆಳೆಯುವ ಆಸ್ಪರ್ಜಿಲಸ್ ಬೂಷ್ಟಿನ ಕಣಗಳು ಶ್ವಾಸಕೋಶ, ಗಾಳಿಚೀಲಗಳಲ್ಲಿ ಬೇರೂರುತ್ತವೆ. ಅಲ್ಲಿಂದ ಅದನ್ನು ಕೀಳುವುದು ಬಹಳ ಕಷ್ಟ, ಹಾಸು ಬದಲಿಸುವುದು ಬಹಳ ಸುಲಭ.

ಅದೇ ಕುಲದ ಇನ್ನೊಂದು ಬೂಷ್ಟು ಆಹಾರದಲ್ಲಿ ಬೆಳೆದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಪತ್ತೆಯಾಯಿತು. ಬಾತು ಮರಿಗಳಿಗೆ ಇದು ಎಷ್ಟು ಬೇಗ ತಾಗುತ್ತದೆಂದರೆ, ಆಗ ಆಹಾರದಲ್ಲಿ ಆ ವಿಷವಿದೆಯೇ ಎಂದು ಪರೀಕ್ಷಿಸಲು ಬಾತು ಮರಿಗಳನ್ನೇ ಬಳಸಿದ್ದರು. ಮುಗ್ಗಲು ವಾಸನೆಯ ಚೀಲವನ್ನು ಬಿಸಿಲಿಗೆ ಹಾಕಿ ಒಣಗಿಸಿದರೂ ವಿಷ ಹೋಗುವುದಿಲ್ಲ. ಎಷ್ಟೇ ಬೆಲೆಯದ್ದಾದರೂ ಎಸೆಯಿರಿ.

ದೊಡ್ಡ ಹಕ್ಕಿ ಕುಂಟುತ್ತಿದೆ

ಪಾದದ ಅಡಿಯಿಂದ ಶುರುಮಾಡಿ. ಕೆಸರು ತೊಳೆದು, ಬೆಳಕಿಗೆ ಹಿಡಿದು ನೋಡಿದಾಗ ಅಂಗಾಲಿನ ನಡುವೆ ಗಟ್ಟಿಯಾದ ಕಪ್ಪು ಹಕ್ಕಳೆ ಕಂಡರೆ, ಸುತ್ತ ಕೆಂಪಾಗಿ ಬಿಸಿಯಾಗಿದ್ದರೆ ಅದು ಪಾದದ ಕೀವುಗಂಟು. ಕಲ್ಲು, ಕಾಂಕ್ರೀಟು, ಒರಟು ಮರದ ಮೇಲೆ ನಡೆದು ಚರ್ಮ ತರಚುತ್ತದೆ, ಅಲ್ಲಿಂದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯ ಒಳಸೇರುತ್ತದೆ. ಮೈಭಾರ ಹೆಚ್ಚಿದ್ದಷ್ಟೂ ಬೇಗ. ಹಕ್ಕಳೆ ಚಿಕ್ಕದಾಗಿದ್ದು ಊತವಿಲ್ಲದಿದ್ದರೆ ದಿನವೂ ಉಗುರುಬೆಚ್ಚಗಿನ ನೀರಿಗೆ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಹಾಕಿ ಹತ್ತು ಹದಿನೈದು ನಿಮಿಷ ಪಾದ ನೆನೆಸಿ, ಒರೆಸಿ, ನಂಜುನಿರೋಧಕ ಹಚ್ಚಿ, ಮೆತ್ತನೆಯ ಒಣ ಹಾಸಿನ ಮೇಲೆ ಇಡಿ. ಆ ನೀರನ್ನು ಹಕ್ಕಿ ಕುಡಿಯದಿರಲಿ, ಭೇದಿಯಾಗುತ್ತದೆ. ಗಂಟು ಊದಿದ್ದರೆ ಮನೆಯಲ್ಲಿ ಬ್ಲೇಡು ಹಾಕಬೇಡಿ. ಹಕ್ಕಿಯ ಕೀವು ಹರಿಯುವ ದ್ರವವಲ್ಲ, ಗಿಣ್ಣಿನಂತೆ ಗಟ್ಟಿ. ಹಿಂಡಿದರೆ ಹೊರಬರದೆ ಮೂಳೆಯತ್ತ ಸರಿಯುತ್ತದೆ.

ಪಾದ ಶುಚಿಯಾಗಿದ್ದರೆ ಮೇಲಕ್ಕೆ ಕೀಲುಗಳನ್ನು ನೋಡಿ. ಊತವಿಲ್ಲದ ಕುಂಟು ಸಾಮಾನ್ಯವಾಗಿ ಉಳುಕು. ಎತ್ತರದಿಂದ ಜಿಗಿಯುವುದನ್ನು ತಪ್ಪಿಸಿ, ಕೆಲ ದಿನ ಚಿಕ್ಕ ಜಾಗದಲ್ಲಿ ವಿಶ್ರಾಂತಿ ಕೊಡಿ. ಬಿಸಿಯಾಗಿ ಊದಿದ ಕೀಲಿಗೆ ವೈದ್ಯರೇ ಬೇಕು. ಮನುಷ್ಯರ ನೋವು ನಿವಾರಕ ಮಾತ್ರೆಯನ್ನು ಅಂದಾಜಿನ ಮೇಲೆ ಕೊಡುವುದು ಅಪಾಯ.

ಹೆಣ್ಣು ಹಕ್ಕಿ, ಎರಡೂ ಕಾಲು ಸೋತಂತೆ, ಪೆಂಗ್ವಿನ್‌ನಂತೆ ನೆಟ್ಟಗೆ ನಿಂತು ಅಗಲ ಹೆಜ್ಜೆ ಹಾಕುತ್ತಿದ್ದರೆ ಕಾಲನ್ನು ಬಿಟ್ಟು ಹೊಟ್ಟೆಯ ಬಗ್ಗೆ ಯೋಚಿಸಿ. ಬಾಲ ಮೇಲೆ ಕೆಳಗೆ ಆಡಿಸುತ್ತಾ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ. ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಇಪ್ಪತ್ತು ನಿಮಿಷ ಕೂರಿಸಿ, ಆಮೇಲೆ ಕತ್ತಲೆಯ ಬೆಚ್ಚಗಿನ ಜಾಗದಲ್ಲಿ ಒಂಟಿಯಾಗಿ ಬಿಡಿ. ಹೊಟ್ಟೆ ಒತ್ತಿ ಮೊಟ್ಟೆ ತಳ್ಳಲು ಹೋಗಬೇಡಿ, ಒಳಗೆ ಒಡೆದರೆ ಪ್ರಾಣಕ್ಕೇ ಕುತ್ತು. ಸ್ನಾನದ ನಂತರ ಕೆಲವು ಗಂಟೆಗಳಲ್ಲಿ ಮೊಟ್ಟೆ ಬಾರದಿದ್ದರೆ ಅದೇ ದಿನ ವೈದ್ಯರ ಬಳಿಗೆ.

ಮೊಟ್ಟೆ ಸಿಕ್ಕಿಕೊಳ್ಳುವುದರ ಹಿಂದೆ ಹಲವು ಸಲ ಕ್ಯಾಲ್ಸಿಯಂ ಕೊರತೆ ಇರುತ್ತದೆ. ಮೊಟ್ಟೆ ತಳ್ಳುವ ಸ್ನಾಯುವಿಗೂ ಚಿಪ್ಪಿಗೂ ಅದೇ ಬೇಕು. ತೆಳು ಚಿಪ್ಪಿನ ಅಥವಾ ಚಿಪ್ಪೇ ಇಲ್ಲದ ಮೊಟ್ಟೆ ಮುನ್ಸೂಚನೆ. ಸಿಂಪಿ ಚಿಪ್ಪಿನ ತುಣುಕುಗಳನ್ನು ಬೇರೆ ಬಟ್ಟಲಿನಲ್ಲಿ ಇಡಿ, ಬೇಕಾದ ಹಕ್ಕಿ ತಾನೇ ತಿನ್ನುತ್ತದೆ. ಮೊಟ್ಟೆಯಿಡುವ ಹಕ್ಕಿಯ ಆಹಾರವನ್ನೇ ಮರಿಗಳಿಗೂ ಗಂಡುಗಳಿಗೂ ಹಾಕುವುದು ಬೇಡ, ಹೆಚ್ಚಿನ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡ ಕೆಡಿಸುತ್ತದೆ.

ರೆಕ್ಕೆ ಹೊರಕ್ಕೆ ತಿರುಗಿದೆ

ಬೆಳೆಯುವ ಮರಿಯ ರೆಕ್ಕೆಯ ತುದಿ ಮೈಗೆ ಅಂಟಿಕೊಳ್ಳದೆ ಹೊರಕ್ಕೆ ಚಾಚಿ ನಿಂತರೆ ಮಣಿಕಟ್ಟಿನ ಕೀಲು ತಿರುಚಿದೆ. ಹೊಸ ಗರಿಗಳ ಬುಡ ರಕ್ತ ತುಂಬಿ ಭಾರವಾಗಿರುವ ದಿನಗಳಲ್ಲಿ, ಮೈ ಅತಿ ವೇಗವಾಗಿ ಬೆಳೆದು, ಕೀಲಿಗೆ ಆ ಭಾರ ತಡೆಯದೆ ಹೋದಾಗ ಇದು ಆಗುತ್ತದೆ. ಬ್ರೆಡ್ಡು ತಿನ್ನಿಸಿ ಬೆಳೆಸಿದ ಮರಿಗಳಲ್ಲೂ, ತೀರಾ ಹೆಚ್ಚು ಪ್ರೋಟೀನಿನ ಆಹಾರ ಬಹಳ ದಿನ ತಿಂದವುಗಳಲ್ಲೂ ಕಾಣುತ್ತದೆ. ಮೊದಲ ಎರಡು ಮೂರು ವಾರ ಶೇಕಡ 18ರಿಂದ 22 ಪ್ರೋಟೀನ್ ಸರಿ; ಆಮೇಲೆ 16ರ ಆಸುಪಾಸಿಗೆ ಇಳಿಸಿ, ಸೊಪ್ಪು ಹೆಚ್ಚಿಸಿ, ಓಡಾಡಲು ಬಿಡಿ. ರೆಕ್ಕೆಯನ್ನು ಸಹಜವಾಗಿ ಮಡಚಿ, ತನಗೆ ತಾನೇ ಅಂಟುವ ಬ್ಯಾಂಡೇಜಿನಿಂದ ನಾಲ್ಕೈದು ದಿನ ಕಟ್ಟಿ, ದಿನವೂ ಬಿಚ್ಚಿ ಸ್ವಲ್ಪ ಹೊತ್ತು ಆಡಿಸಲು ಬಿಡಿ. ಗರಿ ಬೆಳೆಯುತ್ತಿರುವಾಗ ಮಾತ್ರ ಇದು ಫಲಿಸುತ್ತದೆ. ದೊಡ್ಡದಾದ ಮೇಲೆ ರೆಕ್ಕೆ ಹಾಗೆಯೇ ಉಳಿಯುತ್ತದೆ; ಹಕ್ಕಿಗೆ ನೋವೇನಿಲ್ಲ, ಹಾರಲಾರದು ಅಷ್ಟೆ.

ನೀರಿಗಿಳಿದರೆ ನೆನೆಯುತ್ತಿದೆ

ಬೆನ್ನ ಮೇಲೆ ಒಂದು ಬೊಗಸೆ ನೀರು ಹಾಕಿ ನೋಡಿ. ಹನಿಗಳು ಮಣಿಗಳಾಗಿ ಉರುಳಿ ಬಿದ್ದರೆ ಗರಿ ಚೆನ್ನಾಗಿದೆ. ಗರಿಯ ಬಣ್ಣ ಗಾಢವಾಗಿ, ಎಳೆಗಳು ಬೇರೆ ಬೇರೆಯಾಗಿ, ನೀರು ಒಳಗಿಳಿದರೆ ಕವಚ ಒಡೆದಿದೆ. ಅಂಥ ಹಕ್ಕಿ ಈಜುವ ನೀರಿನಲ್ಲಿ ಚಳಿ ಹಿಡಿದು ಮುಳುಗಲೂಬಹುದು, ತಕ್ಷಣ ಹೊರಗೆ ತಂದು ಒಣಗಿಸಿ.

ಮರಿಗಳ ಮಾತು ಬೇರೆ. ತಾಯಿಯ ರೆಕ್ಕೆಯ ಅಡಿಯಲ್ಲಿ ಬೆಳೆಯುವ ಮರಿಗೆ ತಾಯಿಯ ಗರಿಯಿಂದಲೇ ಎಣ್ಣೆ ತಾಗುತ್ತದೆ, ಯಂತ್ರದ ಕಾವಿನಲ್ಲಿ ಹುಟ್ಟಿದ ಮರಿಗೆ ಅದಿಲ್ಲ. ಪೂರ್ತಿ ಗರಿ ಬರಲು ಏಳರಿಂದ ಒಂಬತ್ತು ವಾರ ಬೇಕು. ಅಲ್ಲಿಯವರೆಗೆ ಈಜು ಚಿಕ್ಕದಾಗಿರಲಿ, ಬೆಚ್ಚಗಿನ ನೀರಿನಲ್ಲಿರಲಿ, ಯಾರಾದರೂ ಪಕ್ಕದಲ್ಲಿರಲಿ.

ದೊಡ್ಡ ಹಕ್ಕಿಯಲ್ಲಿ ನೀರು ತಡೆಯುವುದು ಎರಡು ಸಂಗತಿ ಸೇರಿ: ಕೊಕ್ಕಿನಿಂದ ತೀಡಿ ತೀಡಿ ಒಂದಕ್ಕೊಂದು ಕೊಂಡಿ ಹಾಕಿದ ಗರಿಯೆಳೆಗಳ ಹೆಣಿಗೆ, ಅದರ ಮೇಲೆ ಬಾಲದ ಬುಡದ ಗ್ರಂಥಿಯ ಎಣ್ಣೆ. ಕೆಸರಿನಲ್ಲೇ ಇರುವ, ಮೀಯಲು ಶುಚಿಯಾದ ನೀರು ಸಿಗದ ಹಕ್ಕಿ ತೀಡಿಕೊಳ್ಳುವುದನ್ನೇ ಬಿಡುತ್ತದೆ. ಆದ್ದರಿಂದ ಮೊದಲ ಮದ್ದು ದಿನಕ್ಕೊಮ್ಮೆ ಹೊಸ ನೀರಿನ ಬಾನಿ, ಮಿಂದ ಮೇಲೆ ನಿಲ್ಲಲು ಒಣ ಜಾಗ. ಸೋಪು ಹಾಕಿ ತೊಳೆಯಬೇಡಿ. ಗರಿಯ ಬುಡದಲ್ಲಿ ಹೇನು, ಉಣ್ಣಿ ಇವೆಯೇ ನೋಡಿ. ಬಾಲದ ಬುಡವನ್ನು ಮೆಲ್ಲಗೆ ಸವರಿ, ಗ್ರಂಥಿ ಊದಿ ಗಟ್ಟಿಯಾಗಿದ್ದರೆ ಅಡಚಿದೆ, ವೈದ್ಯರು ನೋಡಲಿ. ಬೇರಾವ ಕಾರಣವೂ ಇಲ್ಲದಿದ್ದರೆ ಮುಂದಿನ ಬಾರಿ ಹೊಸ ಗರಿ ಬರುವವರೆಗೆ ಕಾಯಬೇಕಾಗುತ್ತದೆ.

ಕುತ್ತಿಗೆ ಸೋತಿದೆ, ಮೈ ಕುಸಿದಿದೆ

ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ಕುತ್ತಿಗೆ ಹೀಗೆ ಕ್ರಮವಾಗಿ ಸೋಲುತ್ತಾ ಬಂದರೆ ಬಾಟ್ಯುಲಿಸಂ ವಿಷ. ನಿಂತ ಬೆಚ್ಚಗಿನ ನೀರಿನಲ್ಲಿ, ಕೊಳೆತ ಗಿಡ, ಸತ್ತ ಇಲಿ, ಹುಳು ಹಿಡಿದ ಹೆಣ ಇರುವಲ್ಲಿ ಈ ಬ್ಯಾಕ್ಟೀರಿಯ ವಿಷ ಕಾರುತ್ತದೆ. ವಿಷ ತುಂಬಿದ ಹುಳುಗಳನ್ನು ತಿಂದೂ ಹಕ್ಕಿ ಬೀಳುತ್ತದೆ. ವೈದ್ಯರ ಬಳಿಗೆ ಒಯ್ಯುವವರೆಗೆ ತಲೆಯ ಕೆಳಗೆ ಮಡಚಿದ ಟವೆಲ್ ಇಡಿ, ಹತ್ತಿರ ನೀರಿನ ಪಾತ್ರೆ ಬೇಡ, ತಲೆ ಎತ್ತಲಾಗದ ಹಕ್ಕಿ ಒಂದು ಬಟ್ಟಲು ನೀರಿನಲ್ಲೂ ಮುಳುಗುತ್ತದೆ. ಬಾಯಿಗೆ ಬಲವಂತವಾಗಿ ನೀರು ಹುಯ್ಯಲೂಬೇಡಿ. ಉಳಿದ ಹಕ್ಕಿಗಳನ್ನು ಆ ಜಾಗದಿಂದ ಅದೇ ಕ್ಷಣ ಬೇರೆಡೆಗೆ ಸಾಗಿಸಿ.

ಸೋಲು ನಿಧಾನವಾಗಿ ಬಂದು, ಹಕ್ಕಿ ಸೊರಗಿ, ಹಸಿರು ಹಿಕ್ಕೆ ಹಾಕುತ್ತಿದ್ದರೆ ಲೋಹ ನುಂಗಿರಬಹುದು. ಹೊಳೆಯುವ ತಿರುಪು, ಮೊಳೆ, ತಂತಿಯ ಚೂರು, ನಾಣ್ಯಗಳನ್ನು ಬಾತುಕೋಳಿ ನುಂಗುತ್ತದೆ. ಸತು ಮತ್ತು ಸೀಸ ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ಸೇರುತ್ತವೆ. ಎಕ್ಸ್‌ರೇ ತೆಗೆದರೆ ತಿಳಿಯುತ್ತದೆ. ಗೂಡು, ಬೇಲಿ ಕಟ್ಟಿದ ಮೇಲೆ ಅಯಸ್ಕಾಂತದಿಂದ ಕಬ್ಬಿಣದ ಚೂರುಗಳನ್ನು ಆಯಬಹುದು, ಆದರೆ ಸೀಸ ಅಯಸ್ಕಾಂತಕ್ಕೆ ಅಂಟದು, ಅದಕ್ಕೆ ಕಣ್ಣೇ ಗತಿ.

ಒಂದಕ್ಕಿಂತ ಹೆಚ್ಚು ಹಕ್ಕಿಗಳು ಒಟ್ಟಿಗೆ ಬಿದ್ದಾಗ

ಇಲ್ಲಿ ಮನೆಮದ್ದು ನಿಲ್ಲಿಸಿ. ಎಳೆಯ ಮರಿಗಳು ಗಂಟೆಗಳ ಅಂತರದಲ್ಲಿ, ತಲೆಯನ್ನು ಬೆನ್ನಿನತ್ತ ಹಿಂದಕ್ಕೆ ಸೆಟೆದು ಸಾಯುತ್ತಿದ್ದರೆ ಬಾತುಕೋಳಿಯ ವೈರಲ್ ಹೆಪಟೈಟಿಸ್ ಅನ್ನು ಅನುಮಾನಿಸಬೇಕು. ದೊಡ್ಡ ಹಕ್ಕಿಗಳು ಬೆಳಕಿಗೆ ಕಣ್ಣು ಮುಚ್ಚುತ್ತಾ, ರಕ್ತ ಮಿಶ್ರಿತ ಭೇದಿಯಾಗಿ ಸತ್ತರೆ ಡಕ್ ಪ್ಲೇಗ್. ಹಕ್ಕಿಜ್ವರದಲ್ಲಿ ಕತ್ತು ತಿರುಚುವುದು, ತೂರಾಡುವುದು, ದಿಢೀರ್ ಸಾವು ಕಾಣಬಹುದು; ಬಾತುಕೋಳಿ ಕೆಲವೊಮ್ಮೆ ಯಾವ ಲಕ್ಷಣವೂ ಇಲ್ಲದೆ ಆ ವೈರಸ್ ಹರಡುತ್ತದೆ, ಅದು ಮನುಷ್ಯರಿಗೂ ತಗಲಬಲ್ಲದು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕತ್ತರಿಸಿ ನೋಡಬೇಡಿ, ಯಾರಿಗೂ ಹಕ್ಕಿ ಕೊಡಬೇಡಿ, ತರಬೇಡಿ. ಪಶುವೈದ್ಯ ಇಲಾಖೆಗೆ ತಿಳಿಸಿ, ಅವರು ಹೇಳಿದಂತೆ ಮಾಡಿ.

ಒಂದೇ ಹಕ್ಕಿ ಮಂಕಾಗಿದ್ದರೂ ಅದನ್ನು ಬೇರೆ ಇಡುವುದು ಒಳ್ಳೆಯದು, ಆದರೆ ಉಳಿದವುಗಳ ದನಿ ಕೇಳುವಷ್ಟು ದೂರದಲ್ಲಿರಲಿ. ಜೊತೆ ಕಳೆದುಕೊಂಡ ಬಾತುಕೋಳಿ ತಿನ್ನುವುದನ್ನೇ ಬಿಡುತ್ತದೆ, ಆಗ ರೋಗ ಯಾವುದು, ಕೊರಗು ಯಾವುದು ಎಂದು ಗೊತ್ತಾಗದು. ಆರೋಗ್ಯದ ಹಕ್ಕಿಗಳಿಗೆ ಮೊದಲು ಆಹಾರ ಹಾಕಿ, ಕೊನೆಗೆ ಇದರ ಬಳಿಗೆ ಹೋಗಿ. ಅಡುಗೆಮನೆಯ ತಕ್ಕಡಿಯಂಥ ಸಣ್ಣ ತೂಕದ ಯಂತ್ರವಿದ್ದರೆ ದಿನವೂ ಒಂದೇ ಹೊತ್ತಿನಲ್ಲಿ ತೂಗಿ ಬರೆದಿಡಿ.

ವೈದ್ಯರ ಬಳಿಗೆ ಹೊರಟಾಗ ಹೊಸದಾಗಿ ಬಿದ್ದ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ, ಆಹಾರದ ಚೀಲದ ಲೇಬಲ್ಲಿನ ಫೋಟೋ, ಹಕ್ಕಿ ನಡೆಯುವ ಒಂದು ವಿಡಿಯೋ ಒಯ್ಯಿರಿ. ಚಿಕಿತ್ಸಾಲಯದ ಮೇಜಿನ ಮೇಲೆ ಹೆದರಿದ ಹಕ್ಕಿ ಕುಂಟುವುದನ್ನೂ ಅಡಗಿಸುತ್ತದೆ, ವಿಡಿಯೋದಲ್ಲಿ ಅದು ಇರುತ್ತದೆ. ಮೊಟ್ಟೆಯನ್ನು ಮನೆಯವರು ತಿನ್ನುತ್ತಿದ್ದರೆ ಅದನ್ನೂ ಹೇಳಿ, ಕೊಟ್ಟ ಔಷಧ ಮೊಟ್ಟೆಯಲ್ಲಿ ಎಷ್ಟು ದಿನ ಉಳಿಯುತ್ತದೆ ಎಂದು ಕೇಳಿ ಬರೆದುಕೊಳ್ಳಿ.